ಶ್ರುತಿ ಕೇಳಿದ ಮೇಷ್ಟ್ರು

ಮೊನ್ನೆ ಚನ್ನಪಟ್ಟಣದ ಗೊಂಬೆ ಮಾಡುವವರ ಬೀದಿಯಲ್ಲಿ ನಡೆಯುತ್ತಿದ್ದಾಗ ಬಿಸಿ ಅರಗಿನ ವಾಸನೆ ಬಂತು. ಮೇಷ್ಟ್ರು ನೆನಪಾದರು. ಅವರು ತೀರಿಕೊಂಡು ಹದಿನೈದು ದಿನವಾಗಿತ್ತು.

ರಾಮನಗರದ ಹತ್ತಿರದ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಅವರು ಪ್ರೊಫೆಸರು. ನಾನು ಅವರ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದೆ. ಬೆಳಿಗ್ಗೆ ಸೂಪರ್‌ಕಂಡಕ್ಟರ್ ಕೆಲಸ. ಹೊಗೆಯಾಡುವ ದ್ರವ ಸಾರಜನಕದಲ್ಲಿ ಕರಿಯ ಬಿಲ್ಲೆಯೊಂದನ್ನು ಮುಳುಗಿಸಿ, ಅದರೊಳಗೆ ವಿದ್ಯುತ್ತು ಯಾವ ತಡೆಯೂ ಇಲ್ಲದೆ ಹರಿಯುವುದನ್ನು ಮೀಟರಿನಲ್ಲಿ ನೋಡುತ್ತಿದ್ದೆವು. ಮಧ್ಯಾಹ್ನ ಸಂಗೀತದ ಕೆಲಸ. ಅಕ್ಕೂರಿನ ಕಡೆ ತತ್ವಪದ ಹಾಡುವ ಅಜ್ಜನೊಬ್ಬನಿಗೆ ಕೈ ನಡುಗಿ ತಂಬೂರಿ ಮೀಟಲಾಗುತ್ತಿರಲಿಲ್ಲ. ಅವನ ದನಿಯನ್ನು ಹಿಂಬಾಲಿಸಿ ತಾನೇ ಶ್ರುತಿ ಹಿಡಿಯುವ ಪೆಟ್ಟಿಗೆಯೊಂದನ್ನು ಮೇಷ್ಟ್ರು ಕಟ್ಟುತ್ತಿದ್ದರು. ಅದರ ಮರದ ಮೈಗೆ ಈ ಬೀದಿಯವರೇ ಒಬ್ಬರು ಅರಗು ಹಚ್ಚಿಕೊಟ್ಟಿದ್ದರು.

ಆ ವರ್ಷ ಮೇಷ್ಟ್ರ ಕಿವಿ ಮಂದವಾಗುತ್ತಿತ್ತು. ಯಾರ ಬಳಿಯೂ ಹೇಳಿಕೊಳ್ಳಲಿಲ್ಲ. ನನಗೆ ಮಾತ್ರ ಗೊತ್ತಾಗಿತ್ತು... ಪೆಟ್ಟಿಗೆಯ ಮೇಲೆ ಅಂಗೈಯೂರಿ ನನ್ನ ಮುಖ ನೋಡುತ್ತಿದ್ದರು.

"ಮೀಟರ್ ಸರಿ ತೋರಿಸ್ತದೆ. ಅದು ಬಿಡಮ್ಮ. ನಿನ್ ಕಿವಿ ಏನ್ ಹೇಳ್ತದೆ?"

ರೆಕಾರ್ಡ್ ಮಾಡಿ ತಂದಿದ್ದ ಅಜ್ಜನ ದನಿಯ ಜೊತೆ ಪೆಟ್ಟಿಗೆಯ ಶ್ರುತಿ ಕೂಡುತ್ತಿರಲಿಲ್ಲ, ಕೂದಲೆಳೆಯಷ್ಟು ತಗ್ಗಿತ್ತು. ಆದರೆ ಆಗಲೇ ಮೂರು ಸಲ ಬಿಚ್ಚಿ ಕಟ್ಟಿದ್ದೆವು. ಅವರ ಮುಖದಲ್ಲಿ ಅಂದು ನಗುವಿತ್ತು. "ಸರಿ ಐತೆ ಸಾರ್" ಎಂದುಬಿಟ್ಟೆ.

ಮಾರನೆಯ ವಾರ ಅಜ್ಜನ ಜಗುಲಿಯಲ್ಲಿ ಪೆಟ್ಟಿಗೆ ಇಟ್ಟೆವು. ಅವನು ಎರಡು ಸಾಲು ಹಾಡಿ ನಿಲ್ಲಿಸಿದ.

"ಬೇಜಾರ್ ಮಾಡ್ಕಬ್ಯಾಡಿ ಮೇಷ್ಟ್ರೇ, ಒಸಿ ಇಳ್ದೈತೆ. ಇದ್ರ ಜತೇಲಿ ಆಡಕಾಗಕಿಲ್ಲ."

ಮೇಷ್ಟ್ರಿಗೆ ಕೇಳಿಸಲಿಲ್ಲ. ನನ್ನತ್ತ ತಿರುಗಿ, "ಏನಂದ್ರಮ್ಮ?" ಎಂದರು. ಎಲ್ಲರೆದುರು ಗಟ್ಟಿಯಾಗಿ ಹೇಳಬೇಕಾಯಿತು. ಅವರು ಪೆಟ್ಟಿಗೆಯ ಸ್ವಿಚ್ಚು ಆರಿಸಿದರು.

"ನಿಂಗೆ ಗೊತ್ತಿತ್ತಾ?"

ಹೌದೆಂದು ತಲೆಯಾಡಿಸಿದೆ. ಅವರೂ ತಲೆಯಾಡಿಸಿ ಪೆಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿದರು. ದಾರಿಯುದ್ದಕ್ಕೂ ಬೈಯಲಿಲ್ಲ. ಬೈದಿದ್ದರೆ...

ಮರುದಿನದಿಂದ ಸಂಗೀತದ ಕೆಲಸ ನಿಂತಿತು. ಬೆಳಗಿನ ಕೆಲಸಕ್ಕೆ ಕಣ್ಣು ಸಾಕಿತ್ತು. ನನ್ನ ಪಿಎಚ್‌.ಡಿ. ಮುಗಿಯುವವರೆಗೂ ಚೆನ್ನಾಗಿಯೇ ನಡೆಸಿಕೊಂಡರು. ನನ್ನ ಕಿವಿ ಏನು ಹೇಳುತ್ತದೆಂದು ಮಾತ್ರ ಮತ್ತೆ ಕೇಳಲಿಲ್ಲ.

ಅವರು ಹೋದ ಮೇಲೆ ಮನೆಗೆ ಹೋಗಿದ್ದೆ. ಅವರ ಹೆಂಡತಿ ಕಾಫಿ ಕೊಟ್ಟು, "ಅವತ್ತು ಅಕ್ಕೂರಿಂದ ಬಂದು ಊಟ ಮಾಡ್ಲಿಲ್ಲ ಕಣಮ್ಮ. 'ಮಗು ನನ್ನ ಕಂಡು ಅಯ್ಯೋ ಪಾಪ ಅಂದ್ಬುಡ್ತು' ಅಂದ್ರು, ಅಷ್ಟೇ" ಎಂದರು.

ಅಳು ಬರಲಿಲ್ಲ. ಕಾಫಿ ಕುಡಿದೆ, ಲೋಟ ತೊಳೆದಿಟ್ಟೆ, ಬಸ್ಸು ಹತ್ತಿದೆ.

ಈಗ ನಾನೂ ಪಾಠ ಮಾಡುತ್ತೇನೆ. ವಿದ್ಯಾರ್ಥಿಗಳು ತಮ್ಮ ಕೆಲಸ ತಂದು "ಸರಿಯಿದೆಯಾ ಮೇಡಂ?" ಎಂದು ಕೇಳುತ್ತಾರೆ. ಸರಿಯಿಲ್ಲದಿದ್ದರೆ ಇಲ್ಲ ಎನ್ನುತ್ತೇನೆ. ಅವರು ಬೇಸರಪಟ್ಟುಕೊಂಡು ಹೋಗುತ್ತಾರೆ, ತಿದ್ದಿಕೊಂಡು ಮತ್ತೆ ಬರುತ್ತಾರೆ. ಅಂದು ನಾನು ಇಲ್ಲ ಎಂದಿದ್ದರೆ ಮೇಷ್ಟ್ರೂ ನಾಲ್ಕನೆಯ ಸಲ ಬಿಚ್ಚಿ ಕಟ್ಟುತ್ತಿದ್ದರೇನೋ...