ಎತ್ತಿಗೆ ಅಡ್ಡ ನಿಂತ ಕೃಷಿ ಅಧಿಕಾರಿ

ನಿವೃತ್ತಿಗೆ ನಾಲ್ಕು ವರ್ಷ ಬಾಕಿಯಿದ್ದಾಗ ನನ್ನನ್ನು ವಿಜಯಪುರದ ಕಡೆಯಿಂದ ಗೌರಿಬಿದನೂರು ತಾಲ್ಲೂಕಿಗೆ ಕೃಷಿ ಅಧಿಕಾರಿಯಾಗಿ ವರ್ಗ ಮಾಡಿದರು. ಸರ್ವಿಸಿನುದ್ದಕ್ಕೂ ನಾನು ಗೋಧಿ, ಜೋಳದ ಮನುಷ್ಯ. ವರ್ಷದಿಂದ ವರ್ಷಕ್ಕೆ ಚಳಿ ಕಡಿಮೆಯಾಗುತ್ತ ಬಂದು, ಹಾಲು ತುಂಬುವ ಹೊತ್ತಿಗೆ ಬಿಸಿಲು ಬಡಿದು ಗೋಧಿ ಕಾಳು ಸೊರಗುವುದನ್ನು ಕಣ್ಣಾರೆ ಕಂಡವನು. ಹವಾಮಾನ ಬದಲಾದರೆ ಬೀಜವೂ ಬದಲಾಗಬೇಕೆಂದು ಅಲ್ಲೇ ಕಲಿತಿದ್ದೆ. ರಾಗಿಯ ಬಗ್ಗೆ ಗೊತ್ತಿದ್ದದ್ದು ಪುಸ್ತಕದಲ್ಲಿ ಓದಿದ್ದಷ್ಟೇ. ಆದರೆ ಗತ್ತಿಗೇನೂ ಕೊರತೆಯಿರಲಿಲ್ಲ.

ಆ ವರ್ಷ ಪುನರ್ವಸು, ಪುಷ್ಯ ಮಳೆಗಳೆರಡೂ ಕೈಕೊಟ್ಟು, ಆಶ್ಲೇಷದ ಕೊನೆಗೆ ಭೂಮಿ ನೆನೆಯಿತು. ತೊಂಡೇಬಾವಿ ಕಡೆಯ ಲಕ್ಷ್ಮೀದೇವಮ್ಮ ತಮ್ಮ ಒಂದೂವರೆ ಎಕರೆಗೆ, ಮನೆಯಲ್ಲೇ ಉಳಿಸಿಕೊಂಡಿದ್ದ, ಕೊಯ್ಲಿಗೆ ನಾಲ್ಕು ತಿಂಗಳು ಹಿಡಿಯುವ ಹಳೆಯ ತಳಿಯ ರಾಗಿ ಬಿತ್ತಲು ಹೊರಟಿದ್ದರು. ಇಷ್ಟು ತಡವಾದರೆ ತೆನೆ ಕಟ್ಟುವಾಗ ಮಳೆ ಇರುವುದಿಲ್ಲವೆಂದು ವಾದಿಸಿ, ನೂರು ದಿನಕ್ಕೆ ಕೊಯ್ಲಿಗೆ ಬರುವ ಅಲ್ಪಾವಧಿ ತಳಿ ಕೊಡಿಸಿದೆ.

"ವರ್ಷಪೂರ್ತಿ ಮನೆಮಂದಿ ಮುದ್ದೆ ಈ ಹೊಲದಲ್ಲೈತೆ ಸಾರ್. ನಿಮ್ ಮಾತು ನಂಬ್ಕೊಂಡು ಹಾಕ್ತಿದೀನಿ," ಎಂದರು ಆಕೆ.

ಪೈರು ಚೆನ್ನಾಗಿಯೇ ಬಂತು. ಮೂರು ವಾರ ಕಳೆದು, ಹದ ಮಳೆಯಾದ ಮರುದಿನ ಹೋಗಿ ನೋಡುತ್ತೇನೆ, ಗೇಣುದ್ದದ ಹಸಿರು ಪೈರಿನ ಮೇಲೆ ಆಕೆಯ ಯಜಮಾನರು ನಾರಾಯಣಪ್ಪ ಎತ್ತು ಕಟ್ಟಿ, ಹಲ್ಲುಗಳಿದ್ದ ಸಲಕರಣೆಯೊಂದನ್ನು ಎಳೆಸುತ್ತಿದ್ದಾರೆ! ಪೈರು ಬಗ್ಗಿ ಮಣ್ಣಿಗೆ ಮಲಗುತ್ತಿದೆ. ನಾನು ಕೊಡಿಸಿದ ತಳಿ ಹಿಡಿಸದೆ ಅಳಿಸಿಹಾಕುತ್ತಿದ್ದಾರೆಂದೇ ಅಂದುಕೊಂಡೆ. ಬೈಕನ್ನು ಬದುವಿನ ಮೇಲೆ ಕೆಡವಿ, ಓಡಿಹೋಗಿ ಎತ್ತುಗಳಿಗೆ ಅಡ್ಡ ನಿಂತೆ.

"ನಿಲ್ಲಸ್ರೀ! ಬೆಳಿ ಹಾಳಾಗ್ತದ!"

ನಾರಾಯಣಪ್ಪ ಕಕ್ಕಾಬಿಕ್ಕಿಯಾದರು. ಲಕ್ಷ್ಮೀದೇವಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. "ಅಯ್ಯೋ ಸಾರ್, ಹಲುಬೆ ಹೊಡೀತಿರೋದು! ರಾಗಿ ಒಂದ್ಸಲ ಬಗ್ಗಿದ್ರೇನೇ ಬುಡದಲ್ಲಿ ತೆಂಡೆ ಹೊಡೆಯೋದು, ಕಳೇನೂ ಹೋಗತ್ತೆ. ನಿಮ್ ಆಫೀಸಲ್ಲಿ ಇದನ್ನ ಹೇಳ್ಕೊಡ್ಲಿಲ್ವಾ?"

ತೆಂಡೆ ಎಂದರೆ ಬುಡದಿಂದ ಒಡೆಯುವ ಮರಿ ಪೈರು. ತೆಂಡೆ ಹೆಚ್ಚಿದರೆ ತೆನೆಯೂ ಹೆಚ್ಚು. ಆದರೂ ನಾನು ಹಟ ಬಿಡಲಿಲ್ಲ. ನೂರು ದಿನದ ಪೈರಿಗೆ ಚೇತರಿಸಿಕೊಳ್ಳಲು ಸಮಯವೆಲ್ಲಿದೆ ಎಂದೆ.

"ಸರಿ ಬಿಡಿ, ಆ ಮೂಲೆ ನಿಮ್ಗೆ, ಮಿಕ್ಕಿದ್ದು ನಮ್ಗೆ," ಎಂದು ಆಕೆ ತೀರ್ಪು ಕೊಟ್ಟರು. ನನ್ನ ಮೂಲೆಗೆ ಹಲುಬೆ ಬೀಳಲಿಲ್ಲ.

ಐದನೇ ದಿನಕ್ಕೆ ಮಲಗಿದ್ದ ಪೈರು ಎದ್ದು ನಿಂತಿತ್ತು. ನವೆಂಬರಿನಲ್ಲಿ ಕೊಯ್ಲು ನೋಡಲು ಹೋದರೆ ಅವರ ಕಡೆ ಒಂದೊಂದು ಬುಡಕ್ಕೂ ನಾಲ್ಕೈದು ಗಟ್ಟಿ ತೆನೆ. ನನ್ನ ಮೂಲೆಯಲ್ಲಿ ಕಳೆಯ ನಡುವೆ ರಾಗಿ ಹುಡುಕಬೇಕಿತ್ತು! ಪಕ್ಕದ ಹೊಲದವರ ಹಳೆಯ ತಳಿ ಮಾತ್ರ ಮಳೆಯಿಲ್ಲದೆ, ಕಾಳು ಬಲಿಯುವ ಮೊದಲೇ ಒಣಗುತ್ತಿತ್ತು. ಸೋತು ಇಷ್ಟು ಖುಷಿಪಟ್ಟದ್ದು ನನ್ನ ಸರ್ವಿಸಿನಲ್ಲಿ ಅದೊಂದೇ ಸಲ.

ಒಕ್ಕಣೆಯಾದ ಮೇಲೆ ಹೊಸ ರಾಗಿಯ ಬಿಸಿ ಮುದ್ದೆ, ಅವರೆಕಾಳಿನ ಸಾರು ಬಡಿಸುತ್ತ ಲಕ್ಷ್ಮೀದೇವಮ್ಮ ಹೇಳಿದರು: "ಬೀಜ ನೀವ್ ಹೇಳ್ದಂಗೆ, ಬೇಸಾಯ ನಾವ್ ಮಾಡ್ದಂಗೆ. ಇನ್ಮೇಲೆ ಮಳೆ ಯಾವಾಗಾದ್ರೂ ಬರ್ಲಿ ಸಾರ್, ನಂಗೆ ಹೆದ್ರಿಕೆ ಇಲ್ಲ."

ಬೀಜ ಬದಲಿಸಿ ಎಂದು ಹೇಳಿಬಿಟ್ಟರೆ ನನ್ನ ಕೆಲಸ ಮುಗಿಯಿತು ಎಂದುಕೊಂಡಿದ್ದವನು ನಾನು. ಆಮೇಲಿನ ಮೂರು ವರ್ಷ, ಬೀಜದ ಚೀಲ ಯಾರ ಕೈಗಿಡುವ ಮೊದಲೂ, "ನೀವು ಹೆಂಗ ಬೆಳಿತೀರಿ, ಮೊದಲ ಅದನ್ನ ಹೇಳ್ರಿ" ಎಂದು ಬದುವಿನ ಮೇಲೆ ಕೂತುಬಿಡುತ್ತಿದ್ದೆ.