ಹುಲಿಕವಡೆಯ ಮೇಲೆ ಹೆಣೆದ ಸಾಕ್ಸು

ನಮ್ಮ ನೀಡಲ್‌ವರ್ಕ್ ಟೀಚರ್ ಹಲಸೂರಿನಿಂದ ಕಾನ್ವೆಂಟಿಗೆ ನಡೆದೇ ಬರುತ್ತಿದ್ದರು. ತೂತುಬಿದ್ದ ಸಾಕ್ಸಿನೊಳಗೆ ಮುಷ್ಟಿಗಾತ್ರದ ಹುಲಿಕವಡೆಯನ್ನು ತೂರಿಸಿ, ಅದರ ನುಣುಪಾದ ಬೆನ್ನಿನ ಮೇಲೆ ನೂಲು ಹೆಣೆದು ತೂತು ಮುಚ್ಚುವ ಡಾರ್ನಿಂಗ್ ಕಲಿಸುತ್ತಿದ್ದರು. “ಜೆಂಟ್ಲಿ, ಗರ್ಲ್ಸ್,” ಎನ್ನುವರು, ಚಿಪ್ಪಿನೊಳಗೆ ಆ ಕಡಲ ಬಸವನಹುಳು ಇನ್ನೂ ಮಲಗಿದೆಯೇನೋ ಎಂಬಂತೆ. ಆ ಕವಡೆಯನ್ನು ಸಿಂಗಾಪುರದಿಂದ ಕಳಿಸಿದ್ದವನು ಟೀಚರ್ ಅವರ ತಮ್ಮ; ಸಿಪಾಯಿಯಾಗಿದ್ದ ಅವನು ಜಪಾನೀಯರ ಸೆರೆಯಲ್ಲಿದ್ದ. ಸಾಕ್ಸು ಅವನು ಬಿಟ್ಟುಹೋದದ್ದು. ಯುದ್ಧ ಮುಗಿದರೂ ಅವನ ಸುದ್ದಿಯಿರಲಿಲ್ಲ. ನುಸಿ ತಿಂದಂತೆಲ್ಲ ಟೀಚರ್ ಮತ್ತೆ ಹೆಣೆದರು.

“ಇದ್ರಲ್ಲಿ ಹಳೇ ಸಾಕ್ಸ್ ಎಲ್ಲಿದೆ, ಟೀಚರ್?” ಎಂದು ನಾನು ಕೀಟಲೆ ಮಾಡಿದೆ.

“ಅವ್ನೇ ಬಂದು ಹುಡುಕ್ಲಿ ಬಿಡೇ!”

ಒಂದು ಮಧ್ಯಾಹ್ನ ಕಡ್ಡಿಯಂತಹ ಸಿಪಾಯಿಯೊಬ್ಬ ಬಾಗಿಲಲ್ಲಿ ನಿಂತು “ಅಕ್ಕಾ” ಎಂದ. ಟೀಚರ್ ಅಳಲಿಲ್ಲ. ಸಾಕ್ಸಿನೊಳಗಿನ ಕವಡೆಯನ್ನು ತೆಗೆದು ನನ್ನ ಕೈಗಿಟ್ಟು, ಇಡೀ ಕ್ಲಾಸಿನೆದುರು ನೆಲದ ಮೇಲೆ ಕುಳಿತು, “ಬೂಟ್ ಬಿಚ್ಚೋ, ಕಾಲು ಕೊಡು,” ಎಂದರು.