ಯಾರ ಕಡೆಯಿಂದ ಬಂತು

ನನ್ನ ತಮ್ಮ ಮಹೇಶ ಮೊದಲು ಬಿಟ್ಟಿದ್ದು ಊಟ. ಮೇಲಿನ ಮನೆಯ ಬಾಡಿಗೆಯವರು ಅನ್ನದಲ್ಲಿ ಏನೋ ಬೆರೆಸುತ್ತಿದ್ದಾರೆ ಎಂದ. ಅವರು ನಮ್ಮ ಅಡುಗೆಮನೆಗೆ ಕಾಲಿಟ್ಟವರೇ ಅಲ್ಲ. ಆಮೇಲೆ, ಯಾರೋ ಬೈಯುವುದು ಕೇಳಿಸುತ್ತದೆ ಎಂದು ಕಿವಿ ಮುಚ್ಚಿಕೊಂಡು ಕೂರತೊಡಗಿದ.

ಸ್ಕಿಜೋಫ್ರೇನಿಯಾ ಎಂದರು ಡಾಕ್ಟರ್.

ನನಗೆ ಅಳು ಬರಲಿಲ್ಲ. ಮಾತ್ರೆ ಕೊಂಡೆ. ಸ್ಕೂಟರಿನಲ್ಲಿ ಅವನನ್ನು ಹೊಸಕೆರೆಹಳ್ಳಿಯ ಮನೆಗೆ ಕರೆತಂದೆ. ಪಾತ್ರೆ ತೊಳೆದೆ.

ಸುದ್ದಿ ತಿಳಿದು ಸೋದರತ್ತೆ ಬಂದರು. ಅಮ್ಮನ ತಮ್ಮನೂ ಹೀಗೇ ಇದ್ದನಂತೆ. ಇದು ಅವರ ಕಡೆಯ ರಕ್ತ, ನಮ್ಮ ವಂಶದಲ್ಲಿ ಯಾರಿಗೂ ಇಲ್ಲ ಎಂದರು. ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. ಅಮ್ಮ ಅತ್ತೆಗೆ ಕಾಫಿ ತಂದುಕೊಟ್ಟಳು. ಆಮೇಲೆ ತಿಂಗಳುಗಟ್ಟಲೆ, ತಾನೇ ಏನೋ ತಪ್ಪು ಮಾಡಿದವಳಂತೆ ಮನೆಯಲ್ಲಿ ಓಡಾಡಿದಳು.

ಮಹೇಶ ಸ್ವಲ್ಪ ಸುಧಾರಿಸಿದ ಮೇಲೆ, ಒಂದು ದೊಡ್ಡ ಸ್ಟಡಿಗೆ ರಕ್ತ ಕೊಡುತ್ತೀರಾ ಎಂದು ಡಾಕ್ಟರ್ ಕೇಳಿದರು. ಈ ಕಾಯಿಲೆ ಇರುವ ಸಾವಿರಾರು ಜನರ ಜೀನುಗಳನ್ನು ಇಲ್ಲದವರ ಜೀನುಗಳ ಜೊತೆ ಹೋಲಿಸಿ, ಎಲ್ಲೆಲ್ಲಿ ವ್ಯತ್ಯಾಸವಿದೆ ಎಂದು ಹುಡುಕುತ್ತಾರಂತೆ. ಇಂಥ ಸ್ಟಡಿಗಳಲ್ಲಿ ನಮ್ಮ ದೇಶದವರು ಕಡಿಮೆಯಂತೆ. ಅಪ್ಪ ಅಮ್ಮನೂ ಕೊಟ್ಟರೆ ಒಳ್ಳೆಯದು ಎಂದರು. ಮಹೇಶ ಒಪ್ಪಿದ. ಮುಂದಿನ ಸಲ ನಾಲ್ವರೂ ಆಸ್ಪತ್ರೆಗೆ ಹೋದೆವು.

ಇದು ಅಮ್ಮನ ಕಡೆಯಿಂದ ಬಂದಿದ್ದಾ ಎಂದು ಡಾಕ್ಟರನ್ನು ಕೇಳಿಬಿಟ್ಟೆ. ಅಮ್ಮ ಪಕ್ಕದಲ್ಲೇ ಇದ್ದಳು.

"ಹಾಗೆ ಹೇಳೋಕಾಗಲ್ಲಮ್ಮ. ಒಂದು ಜೀನಿಂದ ಆಗೋದಲ್ಲ ಇದು. ಎಷ್ಟೋ ಸಣ್ಣ ಸಣ್ಣ ವ್ಯತ್ಯಾಸ ಸೇರ್ಕೊಂಡಿರುತ್ತೆ. ತಾಯಿಯಿಂದ ಕೆಲವು, ತಂದೆಯಿಂದ ಕೆಲವು. ಅಂಥವು ನನ್ನಲ್ಲೂ ಇರ್ತವೆ, ನಿಮ್ಮಲ್ಲೂ ಇರ್ತವೆ. ಅದೊಂದೇ ಕಾರಣಾನೂ ಅಲ್ಲ."

ನನ್ನಲ್ಲೂ.

ಹೆದರಿಕೆಯಾಗಬೇಕಿತ್ತು. ಆಗಲಿಲ್ಲ. ಫೈಲ್ ಹಿಡಿದುಕೊಂಡು ಫ್ಯಾನ್ ನೋಡುತ್ತ ಕೂತೆ.

ಅಷ್ಟರಲ್ಲಿ ಅಪ್ಪ ಎದ್ದು ಅಂಗಿಯ ತೋಳು ಮಡಚತೊಡಗಿದರು. "ಮೊದಲು ನಂದು ತಗೊಳ್ಳಿ ಮೇಡಂ," ಎಂದರು.

ಅಮ್ಮ ಅವರನ್ನೇ ನೋಡಿದಳು. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಇಷ್ಟೆಲ್ಲ ನಡೆದ ಮೇಲೆ ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆ ರಕ್ತದಿಂದ ನಮಗೆ ಯಾವ ರಿಪೋರ್ಟೂ ಬರುವುದಿಲ್ಲ. ಅದರ ಉಪಯೋಗ ಏನಾದರೂ ಆಗುವುದಿದ್ದರೆ ಮುಂದೆಂದೋ, ನಮಗೆ ಗೊತ್ತೇ ಇಲ್ಲದ ಯಾರದೋ ಮನೆಗೆ. ಮಹೇಶನ ಕಿವಿಯ ಧ್ವನಿಗಳು ಪೂರ್ತಿ ನಿಂತಿಲ್ಲ; ದೂರ ಹೋಗಿವೆ ಎನ್ನುತ್ತಾನೆ. ಮಾತ್ರೆಯಿಂದ ಮೈ ದಪ್ಪವಾಗಿದೆ, ನಿದ್ದೆ ಜಾಸ್ತಿ.

ಕಳೆದ ಭಾನುವಾರ ಅಮ್ಮ ತಾನಾಗಿಯೇ ತನ್ನ ತಮ್ಮನ ಮಾತು ತೆಗೆದಳು. ಎಲ್ಲರನ್ನೂ ನಗಿಸುತ್ತಿದ್ದನಂತೆ.

"ನಾನು ಮಾವನ ಥರ ಇದೀನಾ?" ಎಂದು ಕೇಳಿದ ಮಹೇಶ.

"ಮೂಗು ಅವನದೇ ಕಣೋ. ಹಟ ಮಾತ್ರ ನಿಮ್ಮಪ್ಪಂದು."

ಅಪ್ಪ ಅಲ್ಲೇ ಇದ್ದರು. ಇಲ್ಲ ಎನ್ನಲಿಲ್ಲ. ಸದ್ಯಕ್ಕೆ ನಮಗೆ ಇಷ್ಟು ಸಾಕು.